ಊಟ ಬಡಿಸಿದವರ ಪಾಸ್‌ಪೋರ್ಟ್

ಹಯಗ್ರೀವ ಪಾಸಿರ್ ಪಂಜಾಂಗ್ ಬಂದರಿನ ಒಂದು ಹಡಗು ಕಚೇರಿಯಲ್ಲಿ ಗುಮಾಸ್ತ. ಕಂಟೇನರ್ ಕಾಗದಗಳನ್ನು ತಾಳೆ ನೋಡುವುದೇ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ನಂಬರೂ ತಪ್ಪಿದವನಲ್ಲ. ಅಂಥವನು ಒಬ್ಬ ಮನುಷ್ಯನ ಕಾಗದ ಮಾತ್ರ ನೋಡಲಿಲ್ಲ. ಅಷ್ಟಕ್ಕೇ ಅವನನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದರು.

೧೯೯೬ರಲ್ಲಿ ಹಯಗ್ರೀವನ ಪರಿಚಯದ ಶ್ರೀಕಂಠ ಮಗನ ಮುಂಜಿ ಮಾಡಿದ. ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ ಅವನದು. ಅಡುಗೆಗೆ ಮೈಸೂರಿನಿಂದ ಅಶ್ವತ್ಥನಾರಾಯಣ ಭಟ್ಟರನ್ನು ವಿಸಿಟ್ ಪಾಸೆಂಬ ತಾತ್ಕಾಲಿಕ ಪರವಾನಗಿಯ ಮೇಲೆ ಕರೆಸಿಕೊಂಡ. ಮುಂಜಿ ಮುಗಿದರೂ ಭಟ್ಟರು ಶ್ರೀಕಂಠನ ಮನೆಯಲ್ಲೇ ಉಳಿದರು. ಒಬ್ಬರ ಮನೆಯ ಸತ್ಯನಾರಾಯಣ ಪೂಜೆ, ಇನ್ನೊಬ್ಬರ ಮನೆಯ ಸೀಮಂತ. ಬಿಟ್ಟರೆ ತಾನೆ ಹೋಗುವುದು! ಒಂದು ಭಾನುವಾರ ಶ್ರೀಕಂಠ ಅವರನ್ನು ಕ್ಲೆಮೆಂಟಿಯ ಹಯಗ್ರೀವನ ಫ್ಲ್ಯಾಟಿಗೆ ಕರೆತಂದ.

"ನಮ್ಮನೆಗೆ ಗೆಸ್ಟ್ಸ್ ಬರ್ತಿದಾರೆ. ಭಟ್ರು ಎರಡು ವಾರ ನಿಮ್ಮಲ್ಲಿರ್ಲಿ ಕಣಯ್ಯ."

"ಪಾಸು, ಸರ್?"

"ಎಕ್ಸ್‌ಟೆಂಡ್ ಮಾಡ್ಸಿದೀನಿ. ನನ್ ಮೇಲೆ ನಂಬಿಕೆ ಇಲ್ವಾ?"

ಭಟ್ಟರು ಸೌಟು, ಜಾರೆಗಳ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮುಂಜಿಯ ದಿನ ಬೇಡ ಬೇಡವೆಂದರೂ ತನ್ನ ಎಲೆಗೆ ಮೂರು ಸಲ ಹೋಳಿಗೆ ಬಡಿಸಿದ ಹಿರಿಯರು. ಪಾಸ್‌ಪೋರ್ಟ್ ತೋರಿಸಿ ಎನ್ನಲು ಹಯಗ್ರೀವನಿಗೆ ನಾಲಗೆ ಹೊರಳಲಿಲ್ಲ. ಅಷ್ಟರಲ್ಲಿ ಹೆಂಡತಿ ಕೌಸಲ್ಯಾ ಕಾಫಿಗೂ ಇಟ್ಟಾಗಿತ್ತು.

ಒಂಬತ್ತನೆಯ ದಿನ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಪೊಲೀಸರು ಭಟ್ಟರನ್ನು ಹಿಡಿದರು. ಪಾಸು ಮುಗಿದು ಒಂದು ತಿಂಗಳಾಗಿತ್ತು. ಆ ತಿಂಗಳಲ್ಲಿ ಮೂರು ವಾರ ಅವರು ಉಂಡು ಮಲಗಿದ್ದು ಶ್ರೀಕಂಠನ ಕಾಂಡೋ ಮನೆಯಲ್ಲಿ.

"ನಿಜ ಹೇಳಿಬಿಡಿ ಅಂಕಲ್, ವಾರ್ನಿಂಗ್ ಕೊಟ್ಟು ಬಿಡ್ತಾರೆ," ಎಂದ ತನಿಖೆಯ ಅಧಿಕಾರಿ ಇಂಗ್ಲಿಷಿನಲ್ಲಿ. ಹಯಗ್ರೀವ ನಿಜ ಹೇಳಿದ, ಕಾಗದ ನೋಡಲಿಲ್ಲ ಎಂದು ಬರೆದುಕೊಟ್ಟು ಸಹಿ ಹಾಕಿದ. ಶ್ರೀಕಂಠನೋ, ತನ್ನ ವಕೀಲ ಪಕ್ಕದಲ್ಲಿ ಕೂರುವ ತನಕ ತುಟಿ ಬಿಚ್ಚಲಿಲ್ಲ.

ಪಾಸು ಮುಗಿದವರಿಗೆ ಆಶ್ರಯ ಕೊಟ್ಟ ಕೇಸು ಬಿದ್ದದ್ದು ಹಯಗ್ರೀವನೊಬ್ಬನ ಮೇಲೆ. ಶ್ರೀಕಂಠ ಸರ್ಕಾರದ ಕಡೆಯ ಸಾಕ್ಷಿ!

"ಯಾರ ಮೇಲೆ ಕೇಸ್ ಹಾಕ್ಬೇಕು, ಯಾರನ್ನ ಬಿಡ್ಬೇಕು ಅನ್ನೋದು ಪ್ರಾಸಿಕ್ಯೂಷನ್ ಇಷ್ಟ," ಎಂದಳು ಹಯಗ್ರೀವನ ವಕೀಲೆ ಮೈಥಿಲಿ. "ಕಾರಣ ಹೇಳ್ಬೇಕಾಗಿಲ್ಲ. ಪ್ರೂವ್ ಆದ್ರೆ ಜಡ್ಜ್ ಕೂಡ ಆರು ತಿಂಗಳಿಗಿಂತ ಕಮ್ಮಿ ಕೊಡೋ ಹಾಗಿಲ್ಲ."

"ಹಾಗಾದ್ರೆ ಆ ಜಡ್ಜ್ ಯಾಕಮ್ಮ ಬೇಕು? ಇವರೇ ಬಾಗಿಲು ತೆಗೆದು ಒಳಗೆ ತಳ್ಲಿ!" ಎಂದ ಹಯಗ್ರೀವ.

ಮೈಥಿಲಿ ವಿಚಾರಣೆಯ ತಾರೀಖು ಬರೆದುಕೊಟ್ಟಳು.

ಕಟಕಟೆಯಲ್ಲಿ ಶ್ರೀಕಂಠ ಟೈ ಸರಿಮಾಡಿಕೊಂಡ. "ಪಾಸು ನೀನೇ ಚೆಕ್ ಮಾಡ್ಕೋ ಅಂತ ಅವನಿಗೆ ಹೇಳಿದ್ದೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ಹಯಗ್ರೀವ ಎದ್ದು ನಿಂತ. "ಸುಳ್ಳು! ಮೂರು ವಾರ ನಿಮ್ಮನೇಲೇ ಇದ್ರಲ್ರೀ ಅವ್ರು!"

ಕನ್ನಡದಲ್ಲಿ ಕೂಗಿದ. ಅರ್ಥವಾದವರು ಮೂವರೇ. ಅವರಲ್ಲಿ ಶ್ರೀಕಂಠನೂ ಒಬ್ಬ. ಅವನು ತನ್ನ ಬೂಟು ನೋಡುತ್ತಿದ್ದ.

ಆರು ತಿಂಗಳು ಜೈಲು. ಇದಕ್ಕಿಂತ ಕಡಿಮೆಗೆ ಕಾನೂನಿನಲ್ಲಿ ದಾರಿಯಿಲ್ಲ ಎಂದು ನ್ಯಾಯಾಧೀಶರೇ ಪೇಚಾಡಿಕೊಂಡರು. ಸರ್ಕಾರದ ಹುಡುಗ ವಕೀಲ ಕಡತ ಕಟ್ಟಿಟ್ಟು ಮುಂದಿನದನ್ನು ಬಿಚ್ಚಿದ. ಇಬ್ಬರಲ್ಲಿ ಇವನನ್ನೇ ಯಾಕೆ ಆರಿಸಿದಿರಿ ಎಂದು ಅವನನ್ನು ಕೇಳುವ ಅಧಿಕಾರ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಇದನ್ನು ನ್ಯಾಯ ಎನ್ನುವವರ ಬಾಯಿಗೆ ಹುಳ ಬೀಳಲಿ.

ಸನ್ನಡತೆಗೆಂದು ಎರಡು ತಿಂಗಳು ಕಳೆದು ನಾಲ್ಕು ತಿಂಗಳಿಗೆ ಬಿಟ್ಟರು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ರದ್ದಾಗಿತ್ತು, ಹದಿನಾಲ್ಕು ದಿನದೊಳಗೆ ದೇಶ ಬಿಡಬೇಕು. ಭಟ್ಟರ ಕೈಯೂಟ ಉಂಡ ಕನ್ನಡದ ಮನೆ ಎಂಟಿದ್ದವು. ಅವರಲ್ಲಿ ಯಾರೂ ಭಟ್ಟರ ಪಾಸು ನೋಡಿದವರಲ್ಲ. ನಾಳೆ ಬೆರಳು ತಮ್ಮ ಕಡೆ ತಿರುಗಿದರೆ? ಏರ್‌ಪೋರ್ಟಿಗೆ ಒಬ್ಬರೂ ಬರಲಿಲ್ಲ. ಎರಡು ಪೆಟ್ಟಿಗೆಗಳನ್ನು ಹಯಗ್ರೀವ ಮತ್ತು ಕೌಸಲ್ಯಾ ತಾವೇ ಎತ್ತಿ ಟ್ರಾಲಿಗೆ ಹಾಕಿಕೊಂಡರು.