ಡಾಂಬರು ರಸ್ತೆಯ ಚರಗ

ನನ್ನ ಮಾವ ಲಾರಿ ಡ್ರೈವರ್ ಆಗಿದ್ದರು. ನನ್ನ ಅಂಗಡಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಳ್ಳಲು ಬರುವ ದೊಡ್ಡ ಮಂದಿ ನಮ್ಮ ಮನೆತನದ ಬಗ್ಗೆ ಕೇಳಿದಾಗ ದನಿ ತಗ್ಗಿಸದೆ ಹೇಳುತ್ತೇನೆ. ನಮ್ಮ ಮಾಲಿನ ಬಗ್ಗೆ ನಾವೇ ನಾಚಿಕೊಂಡರೆ ಗಿರಾಕಿ ಬೆಲೆ ಇಳಿಸದೆ ಬಿಡುತ್ತಾನೆಯೇ? ಮನೆತನದ ಮಾತೂ ಹಾಗೆಯೇ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಐವತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಬಂದಾಗ ವಿಜಯಪುರದ ಕೋಟೆಗೋಡೆಯ ಪಕ್ಕ ಅವರದು ಎರಡು ಕೋಣೆಯ ಮನೆ. ಲಾರಿ ಒಬ್ಬ ಅರಳೆ ವ್ಯಾಪಾರಿಯದು. ಮಾವ ಟಿಕೋಟಾ, ಬಬಲೇಶ್ವರದ ಕಡೆಯಿಂದ ಹತ್ತಿ, ಶೇಂಗಾ, ಜೋಳ ತುಂಬಿಕೊಂಡು ಸೊಲ್ಲಾಪುರಕ್ಕೂ ಮಿರಜಿಗೂ ಹೋಗುತ್ತಿದ್ದರು. ಊರಿಗೆ ಬಂದ ದಿನ ಅತ್ತೆಗೆ ನೀರು ತರಲು ಬಿಡುತ್ತಿರಲಿಲ್ಲ. ಎರಡು ಕೊಡ ತಾವೇ ಹೊತ್ತು ಓಣಿಯಲ್ಲಿ ನಡೆದು ಬರುತ್ತಿದ್ದರು. ಕಟ್ಟೆಯ ಮೇಲೆ ಕುಳಿತವರು ಒಮ್ಮೆ ನಕ್ಕರು.

"ಏನಪಾ ಡ್ರೈವರ, ಹೆಂಡ್ತಿ ನೀರಿಗೆ ಹಚ್ಯಾಳ?"

"ಲೇ, ಊರ ಮಂದಿ ಮಾಲೆಲ್ಲಾ ಹೊರತೀನಿ. ನನ್ನ ಹೆಂಡ್ತಿ ಕೊಡಾ ಹೊತ್ರ ಸವದ ಹೋಗ್ತೀನೇನು?"

ಕಟ್ಟೆಯವರು ಮತ್ತೆ ನಕ್ಕರು, ಆದರೆ ಈ ಸಲ ಕೇಳಿದವನನ್ನು ನೋಡಿ.

ಅತ್ತೆ ಸಾರವಾಡದ ದೊಡ್ಡ ಒಕ್ಕಲುತನದ ಮನೆಯ ಮಗಳು. ಹೊಲವಿಲ್ಲದವನಿಗೆ ಕೊಟ್ಟರಲ್ಲ ಎಂಬ ಮಾತು ಅವರ ತವರಿನಲ್ಲಿ ಹಳೆಯದು. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ತಂದ ಅಡಿಗೆಯನ್ನು ನಾಲ್ಕೂ ದಿಕ್ಕಿಗೆ ಬೆಳೆಯ ಮೇಲೆ ಚೆಲ್ಲುವುದೇ ಚರಗ. ಅತ್ತೆ ಪ್ರತಿ ವರ್ಷ ಅಣ್ಣನ ಹೊಲಕ್ಕೆ ಹೋಗಿ ಬರುತ್ತಿದ್ದರು. ಒಂದು ವರ್ಷ ಅಣ್ಣನ ಹೆಂಡತಿ ಎಲ್ಲರ ಮುಂದೆ, "ನಿಮ್ಮ ಮನಿ ಚರಗಾ ಎಲ್ಲಿ ಚೆಲ್ತೀರಿ ಯವ್ವಾ, ಡಾಂಬರ ಮ್ಯಾಲೇನು?" ಎಂದು ಬಿಟ್ಟಳು. ನಕ್ಕವರ ಜೊತೆ ಅತ್ತೆಯೂ ನಕ್ಕರು. ಮನೆಗೆ ಬಂದ ಮೇಲೆ ಮಾತ್ರ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದರು.

ಮುಂದಿನ ವರ್ಷ ಅಮಾವಾಸ್ಯೆ ಹತ್ತಿರ ಬಂದರೂ ಅತ್ತೆ ಸಜ್ಜೆ ಬೀಸಲಿಲ್ಲ, ಎಳ್ಳು ಹುರಿಯಲಿಲ್ಲ. "ಹೊಲಾ ಇಲ್ಲದವರಿಗೆ ಯಾತರ ಅಮಾಸಿ?" ಎಂದು ಗೋಡೆಗೆ ಒರಗಿ ಕುಳಿತರು. ನನ್ನ ಮಗಳು ಆಗ ತಾನೇ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಮೊಮ್ಮಗಳ ಮೊದಲ ಅಮಾವಾಸ್ಯೆ ಹೀಗೆ ಕಳೆಯುತ್ತದೆಂದು ಮಾವನಿಗೆ ಅನ್ನ ಸೇರದಾಯಿತು. ನಾನು ಸುಮ್ಮನಿರುವವಳಲ್ಲ.

"ಮಾವಾರ, ಅರಕೇರ್ಯಾಗ ಎರಡ ಎಕರೆ ಮಾರಾಕ ಬಂದಾವಂತ. ನಾ ಮಾತಾಡಿ ಇಳಸ್ತೀನಿ."

"ನನಗ ಹೊಲ ಐತೆವ್ವಾ," ಎಂದರು. "ಉದ್ದ ಭಾಳ, ಅಗಲ ಕಡಿಮಿ."

ಅದು ಅವರ ಲಾರಿ ಓಡುವ ರಸ್ತೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹಬ್ಬಕ್ಕೆ ಲಾರಿ ತರಲು ನಾನೇ ಹೊರಟೆ. ಮಾವ ತಮಗಾಗಿ ಲಾರಿ ಕೇಳುವವರಲ್ಲ. ನಾನು ಲಾರಿಯ ಧಣಿಯನ್ನು ಕೇಳಲಿಲ್ಲ, ಧಣಿಯ ಹೆಂಡತಿಯನ್ನು ಕೇಳಿದೆ. ಅವರ ಮನೆಗೆ ಹಪ್ಪಳ ಮಾಡಿಕೊಡುತ್ತಿದ್ದವಳು ನಾನೇ. "ಹಬ್ಬದ ದಿನಾ ಲಾರಿ ಹೆಂಗೂ ನಿಂತಿರ್ತದ್ರಿ ಬಾಯಾರ. ನಿಂತ ಗಾಡಿಗೆ ಬಾಡಿಗಿ ಬರೂದಿಲ್ಲ, ಓಡಿದ್ರ ಪುಣ್ಯಾ ಬರ್ತದ. ಗಾಡಿ ಎಣ್ಣಿ ನಮ್ಮದು." ಅಂದೇ ಸಂಜೆ ಲಾರಿ ಸಿಕ್ಕಿತು. ಯಾರ ಕೈಯಲ್ಲಿ ಬೀಗ ಇದೆ ಎಂಬುದಕ್ಕಿಂತ ಯಾರ ಮಾತಿಗೆ ಆ ಕೈ ತೆರೆಯುತ್ತದೆ ಎಂಬುದನ್ನು ನೋಡಬೇಕು.

ಮಾವ ಅತ್ತೆಗೆ ಏನೂ ಹೇಳಲಿಲ್ಲ. "ನಾಳೆ ಟಿಕೋಟಾದ ಕಡೆ ಲೋಡ ಐತಿ. ಬುತ್ತಿ ಕಟ್ಟು. ಅಮಾಸಿ ಬುತ್ತಿನ ಕಟ್ಟು," ಎಂದರಷ್ಟೇ. ಮದುವೆಯಾದ ಮೇಲೆ ಒಂದು ದಿನವೂ ಗಂಡನನ್ನು ಬುತ್ತಿಯಿಲ್ಲದೆ ಕಳಿಸಿದವರಲ್ಲ ಅತ್ತೆ. ಗೊಣಗುತ್ತಲೇ ಎದ್ದು ಒಲೆ ಹಚ್ಚಿದರು. ಸಜ್ಜೆ ರೊಟ್ಟಿ, ಕಡಬು, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ, ಎಲ್ಲ ಆಯಿತು. ಬೆಳಿಗ್ಗೆ ಲಾರಿ ಬಾಗಿಲಿಗೆ ಬಂತು, ಮುಂದೆ ಚೆಂಡು ಹೂವಿನ ಮಾಲೆ.

"ಲೋಡ ಎಲ್ಲಿರಿ?" ಎಂದರು ಅತ್ತೆ.

"ನೀನ ಲೋಡು. ಹತ್ತು."

ನನ್ನ ಗಂಡ ಹಿಂದೆ ಬುತ್ತಿ ಹಿಡಿದು ಕುಳಿತರು. ನಾನು, ಅತ್ತೆ, ಮಗು ಮುಂದೆ. ಟಿಕೋಟಾ ಸಮೀಪಿಸಿದಾಗ ಮಾವ ಒಂದು ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿದರು. ಇಳಿಜಾರಿನಲ್ಲಿ ಗಾಲಿಗೆ ಒಡ್ಡಲು ಇಟ್ಟುಕೊಂಡಿದ್ದ ಐದು ಕಲ್ಲು ತೆಗೆದು, ತೊಳೆದು, ಸುಣ್ಣ ಹಚ್ಚಿ, ರಸ್ತೆಯ ಪಕ್ಕ ಸಾಲಾಗಿ ಇಟ್ಟರು.

"ಅಯ್ಯ ಶಿವನ! ಗಾಲಿ ಕೆಳಗಿನ ಕಲ್ಲಿಗೆ ಪೂಜೀನ?"

"ಘಟ್ಟದಾಗ ಬ್ರೇಕ್ ಕೈ ಕೊಟ್ಟಾಗ ನಿನ್ನ ಕರಿಮಣಿ ಉಳಿಸಿದ್ದು ಇವ. ಇವಕ್ಕಿಂತ ದೊಡ್ಡ ಪಾಂಡವರು ಎಲ್ಲ್ಯಾರ?"

ಅತ್ತೆ ಕಲ್ಲುಗಳಿಗೆ ಕುಂಕುಮ ಹಚ್ಚಿದರು. ಆದರೆ ಮಾವ ಮೊಮ್ಮಗಳನ್ನು ಎತ್ತಿಕೊಂಡು ಅವಳ ಪುಟ್ಟ ಕೈಯಿಂದ ರಸ್ತೆಯ ಎರಡೂ ಬದಿಗೆ ಚರಗ ಚೆಲ್ಲಿಸಿ, ಹೊಲದಲ್ಲಿ ಕೂಗುವಂತೆಯೇ ಚರಗದ ಕೂಗು ಹಾಕಿದಾಗ, ಸೆರಗು ಮುಖಕ್ಕೆ ಎಳೆದುಕೊಂಡು ಲಾರಿ ಏರಿಬಿಟ್ಟರು. "ಯಾರರ ನೋಡಿದ್ರ ನಗತಾರ!"

ನೋಡಿದರು. ಪಕ್ಕದ ಜೋಳದ ಹೊಲದಿಂದ ಒಬ್ಬ ರೈತ ಓಡುತ್ತ ಬಂದ. ಅತ್ತೆ ಮುದುರಿ ಕುಳಿತರು. ಬಂದವನು ಮಾವನ ಕೈ ಹಿಡಿದು, "ಡ್ರೈವರ ಸಾಹೇಬ್ರ, ನಮ್ಮ ಹೊಲದ ಬಾಜೂಕ ಬಂದು ರಸ್ತಾದಾಗ ಉಣ್ತೀರಿ? ನಮ್ಮ ಮರ್ಯಾದಿ ತಗೀತೀರೇನ್ರಿ?" ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, "ಇಳೀರಿ ಯವ್ವಾ. ನನ್ನ ಹೆಂಡ್ತಿ ಹಡಿಯೂ ಬ್ಯಾನಿ ತಿನ್ನುವಾಗ ಇವರು ಧಣಿ ಚೀಲಾ ರಸ್ತಾಕ್ಕ ಇಳಿಸಿ, ಆ ಜಾಗಾದಾಗ ಆಕಿನ್ನ ಮಲಗಿಸಿ ದವಾಖಾನಿಗೆ ಒಯ್ದಾರ. ತಾಯಿ ಮಗಳು ಇಬ್ಬರೂ ಅಲ್ಲೇ ಕುಂತಾರ ನೋಡ್ರಿ."

ಮಾವ ಈ ಮಾತನ್ನು ಮನೆಯಲ್ಲಿ ಎಂದೂ ಆಡಿರಲಿಲ್ಲ. ಅಂದು ಧಣಿಯಿಂದ ಬೈಸಿಕೊಂಡಿದ್ದನ್ನೂ ಹೇಳಿರಲಿಲ್ಲ. ಅತ್ತೆ ಗಂಡನ ಮುಖವನ್ನೇ ನೋಡುತ್ತ ಕೆಳಗಿಳಿದರು.

ಅಲ್ಲಿ ಉಂಡು ಬಬಲೇಶ್ವರದ ದಾರಿ ಹಿಡಿದೆವು. ಹೊಲದ ಬದುವಿನಿಂದ ಒಬ್ಬ ಮುದುಕಿ ಲಾರಿಗೆ ಅಡ್ಡ ಕೈ ಹಾಕಿದಳು. ಅವಳ ಕಣ್ಣಿನ ಔಷಧಿಯನ್ನು ಪೇಟೆಯಿಂದ ತಂದುಕೊಡುತ್ತಿದ್ದವರು ಮಾವನೇ; ಅವರನ್ನು ಮಗನೆಂದೇ ಕರೆಯುತ್ತಿದ್ದಳು. "ನನ್ನ ಮಗನ ಹೆಂಡ್ತೀನ ತೋರಿಸಲಾರದ ಹೊಂಟೀಯಾ ಯಪ್ಪಾ?" ಎಂದು ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋದಳು. ಇನ್ನೂ ಮುಂದೆ ಮತ್ತೊಬ್ಬರು ಕರೆದರು. ಬೇಡವೆಂದರೆ ಕಡಬು, ಹಸಿ ಕಡಲೆಯ ಸುಲಗಾಯಿ ಬುಟ್ಟಿಗೆ ಬಂದು ಬೀಳುತ್ತಿದ್ದವು. "ಹೊಟ್ಟಿ ಅಂದ್ರ ಹೊಲಾ ಅಲ್ಲವ್ವಾ, ಎಷ್ಟರ ಚೆಲ್ಲತೀರಿ!" ಎಂದು ಅತ್ತೆ ನಗತೊಡಗಿದ್ದು ಅಲ್ಲಿಂದಲೇ.

ಸಾರವಾಡ ಬಂದಾಗ ಮಾವ ಲಾರಿಯ ವೇಗ ತಗ್ಗಿಸಲಿಲ್ಲ. ಅತ್ತೆಯೇ ಹೇಳಿದರು, "ನಿಂದರಸ್ರಿ. ನನ್ನ ಅಣ್ಣನ ಹೊಲಾ."

ಅಣ್ಣನ ಹೆಂಡತಿ ತಾಟು ಹಿಡಿದು ಎದ್ದು ಬಂದಳು. "ಬಂದ್ರೇನು ಯವ್ವಾ? ಬರೂದಿಲ್ಲ ಅಂತ ಸಿಟ್ಟ ಮಾಡಿದ್ರಂತ. ಕುಂಡ್ರರಿ, ಉಣ್ರಿ."

ಅತ್ತೆ ಒಂದು ಕೊಂಕು ಮಾತೂ ಆಡಲಿಲ್ಲ. ಬುಟ್ಟಿ ಬಿಚ್ಚಿ ಒಂದೊಂದಾಗಿ ಅವಳ ತಾಟಿಗೆ ಹಾಕಿದರು. "ಇದು ಟಿಕೋಟಾದ ಹೊಲದ್ದು. ಇದು ಬಬಲೇಶ್ವರದ್ದು. ಈ ಹೋಳಿಗಿ ನಮ್ಮದು. ಕುಂಡ್ರಾಕ ಹೊತ್ತಿಲ್ಲ ಯವ್ವಾ, ಅರಕೇರ್ಯಾಗ ಕಾಯಾಕತ್ತಾರ."

ಲಾರಿ ಹತ್ತಿದ ಮೇಲೆ ಮಾವ ಮೆಲ್ಲಗೆ ಕೇಳಿದರು, "ಅರಕೇರ್ಯಾಗ ಯಾರು ಕಾಯಾಕತ್ತಾರ?"

"ನನಗೇನ ಗೊತ್ರಿ? ನೀವು ಗಾಡಿ ಹೊಡೀರಿ. ಯಾರರ ಕರದ ಕರೀತಾರ."

ಇಷ್ಟು ವರ್ಷ ಚೌಕಾಸಿ ಮಾಡಿದ ನಾನು, ಕೈಗೆ ಇನ್ನೂ ಬಾರದ ಮಾಲನ್ನು ಅಷ್ಟು ಧೈರ್ಯದಿಂದ ಯಾರ ಮುಂದೆಯೂ ಇಟ್ಟಿಲ್ಲ. ಮಾವ ನಕ್ಕು ಗೇರ್ ಹಾಕಿದರು. ಅತ್ತೆ ತಲೆಯ ಸೆರಗು ಸರಿಮಾಡಿಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಬೆಳೆ ಈ ಸಲ ಹೇಗೆ ಬಂದಿದೆ ಎಂದು ನೋಡುವ ಒಡತಿಯ ಹಾಗೆ ದಾರಿಯ ಎರಡೂ ಕಡೆ ನೋಡುತ್ತ ಕುಳಿತರು.