ಅಂಟಿಸಿದ ಬಟ್ಟಲಿನ ದನಿ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದುಹೋಗುವವಳು ನಾನು. ಈ ಸಂಗತಿಯನ್ನು ಬೇರೆಯವರು ಹೇಳಿದ್ದರೆ, ಹೋಗಿ ಕಿವಿ ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದೆ. ಆದರೆ ಕೇಳಿದ್ದು ನನ್ನದೇ ಕಿವಿ. ಅದೂ ಕೇಳುವುದನ್ನೇ ಕಸುಬು ಮಾಡಿಕೊಂಡ ಕಿವಿ.

೨೦೧೪ರಲ್ಲಿ ನಾನು ಹೊರದೇಶದಲ್ಲಿ, ಸೆಲೆಟಾರಿನ ವಿಮಾನ ರಿಪೇರಿ ಕಂಪನಿಯೊಂದರಲ್ಲಿ ಎಂಜಿನಿಯರ್. ರೆಕ್ಕೆಯ ಪದರಗಳು ಒಳಗೊಳಗೇ ಬಿಟ್ಟುಕೊಂಡಿವೆಯೇ ಎಂದು ಪುಟ್ಟ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದೆವು. ಗಟ್ಟಿಯಿದ್ದರೆ ಸ್ಪಷ್ಟ ದನಿ, ಬಿಟ್ಟುಕೊಂಡಿದ್ದರೆ ಮಂಕು ದನಿ. ನಮ್ಮಜ್ಜಿ ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತಿದ್ದ ವಿದ್ಯೆಯೇ. ನನಗೆ ಅದಕ್ಕೆ ಸಂಬಳ ಸಿಗುತ್ತಿತ್ತು, ಅಷ್ಟೆ.

ಅದೇ ಊರಿನ ಕ್ಲೆಮೆಂಟಿಯಲ್ಲಿ ಲಿಮ್ ಆಂಟಿ ಎಂಬ ಒಂಟಿ ಹೆಂಗಸಿನ ಫ್ಲ್ಯಾಟಿನಲ್ಲಿ ರೂಮು ಹಿಡಿದಿದ್ದೆ. ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವರು ಅವರು. ಅವರದು ಒಂದೇ ಷರತ್ತು: ಬೀರುವಿನಲ್ಲಿದ್ದ ಆರು ಜರ್ಮನ್ ಪಿಂಗಾಣಿ ಬಟ್ಟಲುಗಳನ್ನು ಮುಟ್ಟಬಾರದು. ಅವರ ತಾಯಿ ಕೆಲಸಕ್ಕಿದ್ದ ಮನೆಯ ಯುರೋಪಿಯನ್ ಯಜಮಾನಿ ತನ್ನೂರಿಗೆ ಹೊರಟಾಗ ಕೊಟ್ಟದ್ದಂತೆ. ಭಾನುವಾರ ಬೆಳಿಗ್ಗೆ ಆಂಟಿ ಅವನ್ನು ತೊಳೆದು, ಒಂದೊಂದನ್ನೂ ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ಒಳಗಿಡುವರು. ಜೊತೆಗೆ ಅದೇ ಕಥೆ. ಪಿಂಗಾಣಿ ಮಾಡುವ ಚೀನಾದವರ ಗುಟ್ಟು ಯುರೋಪಿಗೆ ನೂರಾರು ವರ್ಷ ಸಿಕ್ಕಿರಲಿಲ್ಲ. ಚಿನ್ನ ಮಾಡುತ್ತೇನೆಂದು ಜಂಬ ಕೊಚ್ಚಿದವನೊಬ್ಬನನ್ನು ಜರ್ಮನ್ ರಾಜನೊಬ್ಬ ಕೂಡಿಹಾಕಿದ. ಚಿನ್ನ ಬರಲಿಲ್ಲ, ಬಿಳಿ ಜೇಡಿ ಸುಟ್ಟು ಪಿಂಗಾಣಿ ಬಂತು. ಗುಟ್ಟು ಹೊರಹೋಗದಿರಲೆಂದು ಕೋಟೆಯೊಳಗೇ ಕಾರ್ಖಾನೆ ಹೂಡಿದರು. ಕೆಲವೇ ವರ್ಷಕ್ಕೆ ಗುಟ್ಟು ಕೋಟೆ ಹಾರಿತು.

ಕಣ್ಣಿನ ಆಪರೇಷನ್ನಿಗೆಂದು ಆಂಟಿ ಎರಡು ವಾರ ಸೆಂಬವಾಂಗಿನ ಮಗಳ ಮನೆಗೆ ಹೋದರು. ಆಗ ನನ್ನ ಗೆಳತಿ ಶೈಲಜಾ ಬಂದಳು. ನನ್ನ ಕೊಬ್ಬು ನೋಡಿ, ಅವಳೆದುರು ಮೆರೆಯಲು ಆ ಬಟ್ಟಲಿನಲ್ಲೇ ಫಿಲ್ಟರ್ ಕಾಫಿ ಕೊಡಹೋದೆ. ಸುಮ್ಮನೆ ಕೊಟ್ಟೆನೇ? ಸ್ಟೀಲ್ ಲೋಟವೆಂಬಂತೆ ಎತ್ತಿ ಹೊಯ್ದು ನೊರೆ ಬರಿಸಿದೆ. ಬಟ್ಟಲು ಜಾರಿ ಎರಡು ಹೋಳಾಯಿತು.

“ಹೇಳ್ಲೇಬೇಡ ಕಣೇ. ನೀಟಾಗಿ ಫಿಕ್ಸ್ ಮಾಡಿಟ್ಬಿಡು, ಅವ್ರಿಗೆ ಕಣ್ಣೇ ಸರಿ ಕಾಣಲ್ವಲ್ಲ” ಎಂದಳು ಶೈಲಜಾ.

ಆ ಮಾತಿಗೆ ನಾಚಿಕೆಯಾಯಿತು. ಆಂಟಿಯ ನಂಬಿಕೆ ಹೋದರೆ ಈ ಊರಿನಲ್ಲಿ ಮನೆ ಎನ್ನಲು ನನಗೆ ಬೇರೆ ಜಾಗವಿರಲಿಲ್ಲ. ಆದರೂ ಗಟ್ಟಿ ಮನಸ್ಸು ಮಾಡಿದೆ: ಅಂಟಿಸುವುದು, ಆಮೇಲೆ ನಾನೇ ಹೇಳುವುದು. ಕೆಲಸದಲ್ಲಿ ಕಲಿತದ್ದನ್ನೆಲ್ಲ ಹಾಕಿ ಕಣ್ಣಿಗೆ ಕಾಣದಂತೆ ಅಂಟಿಸಿದೆ. ತಟ್ಟಿದರೆ ಟಪ್ ಎಂದಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದಕ್ಕೆ ಬಟ್ಟಲನ್ನೂ ಸೇರಿಸಿಕೊಳ್ಳಿ.

ಆಂಟಿ ವಾಪಸಾದದ್ದು ಭಾನುವಾರ ಬೆಳಿಗ್ಗೆ. ನಾನು ಬಾಯಿ ತೆರೆಯುವ ಮೊದಲೇ ಬೀರು ತೆಗೆದು ತಟ್ಟತೊಡಗಿದರು. ಐದು ಬಟ್ಟಲು ಟಿಣ್ ಎಂದವು. ಒಡೆದದ್ದನ್ನು ಎತ್ತಿಕೊಂಡಾಗ ನಾನು ಕಣ್ಣು ಮುಚ್ಚಿದೆ.

ಅದೂ ಟಿಣ್ ಎಂದಿತು.

ಸುಮ್ಮನಿದ್ದುಬಿಡಬಹುದಿತ್ತು. ಹಟ ಬಿಡದೆ ಎಲ್ಲ ಹೇಳಿಬಿಟ್ಟೆ. ಆಂಟಿ ನಕ್ಕು, ಬಟ್ಟಲನ್ನು ನನ್ನ ಕಿವಿಯ ಹತ್ತಿರ ಹಿಡಿದು ಮತ್ತೆ ತಟ್ಟಿದರು. “ಒಡೆದಿದ್ರೆ ಹೀಗೆ ಹಾಡುತ್ತಾ? ನೀನೇ ಕೇಳು ಲಾ” ಎಂದರು, ಆ ಊರಿನವರ ರೂಢಿಯಂತೆ ಕೊನೆಗೊಂದು ‘ಲಾ’ ಸೇರಿಸಿ.

ನಾನು ತೆಗೆದುಕೊಂಡು ತಟ್ಟಿದೆ. ಟಪ್. ಅವರು ತಟ್ಟಿದರು. ಟಿಣ್. ಹೀಗೆ ಮೂರು ಸಲ. ಮೂರನೆಯ ಸಲಕ್ಕೆ ಆಂಟಿಯ ನಗು ನಿಂತಿತ್ತು. ಬಟ್ಟಲನ್ನು ಒಳಗಿಟ್ಟು ಬೀರು ಮುಚ್ಚಿದರು. ಮಧ್ಯಾಹ್ನ ಎಂದಿನಂತೆ ಊಟಕ್ಕೆ ಕರೆದರು.

ಎರಡು ವರ್ಷದ ಮೇಲೆ ಅವರು ಮಗಳ ಮನೆಗೇ ಶಿಫ್ಟ್ ಆದರು. ಹೊರಡುವಾಗ ಒಂದು ಬಟ್ಟಲನ್ನು ಟವೆಲಿನಲ್ಲಿ ಸುತ್ತಿ ಕೊಟ್ಟು, “ಅವತ್ತು ನೀನಾಗೇ ನಿಜ ಹೇಳಿದೆಯಲ್ಲ, ಇದು ನಿನಗಿರಲಿ” ಎಂದರು. ಬಿಚ್ಚಿ ತಟ್ಟಿದರೆ ಟಪ್, ಅದೇ ಬಟ್ಟಲು. ಆರರಲ್ಲಿ ಅದನ್ನು ಹೇಗೆ ಗುರುತಿಸಿದರೋ ಗೊತ್ತಿಲ್ಲ. ಕಂಪನಿಯ ಸ್ಕ್ಯಾನಿಂಗ್ ಯಂತ್ರದಲ್ಲಿಟ್ಟು ಪರೀಕ್ಷಿಸಿದೆ; ಬಿರುಕು ಅಂಚಿನಿಂದ ಅಂಚಿನವರೆಗೂ ಇತ್ತು. ಅಲ್ಲಿ ಯಾರು ತಟ್ಟಿದರೂ ಟಪ್.

ಈಗ ಆಂಟಿ ಇಲ್ಲ. ನಾನು ಸೋಲೊಪ್ಪಿಲ್ಲ, ಪ್ರತಿ ಭಾನುವಾರ ತೊಳೆದು ತಟ್ಟುತ್ತೇನೆ. ಇವತ್ತೂ ಟಪ್ ಎಂದಿತು. ಬಟ್ಟಲು ಕೊಟ್ಟುಹೋದಿರಿ ಆಂಟಿ, ಆ ಬೆರಳಿನಲ್ಲಿ ಏನಿತ್ತು ಎಂಬುದನ್ನೂ ಹೇಳಿಹೋಗಬಾರದಿತ್ತೇ?