ಇಡ್ತೇನಿ ಅಂದ ಮೇಲೂ ಇಡದ ಫೋನು

ಹೋದ ಭಾನುವಾರ ನನ್ನ ಅಂಗಿಯ ಜೇಬು ನನ್ನನ್ನು ಸುಳ್ಳುಗಾರ ಎಂದು ಸಾಬೀತು ಮಾಡಿತು. ಅದೂ ಬೀದರಿನ ನಮ್ಮ ಮನೆಯ ಹಾಲ್‌ನಲ್ಲೇ, ಅಕ್ಕ, ಅಕ್ಕನ ಮಗಳು, ಹೆಂಡತಿ ಎಲ್ಲರೂ ಕೂತಿರುವಾಗ.

ಜೇಬಿಗೆ ಬಾಯಿ ಎಲ್ಲಿಂದ ಬಂತು ಅಂತೀರಾ? ಒಳಗೆ ಫೋನಿತ್ತು. ಅದರ ಕಥೆ ಮೊದಲು ಹೇಳಬೇಕು.

ಸ್ಮಾರ್ಟ್‌ಫೋನಿನ ನೆತ್ತಿಯ ಹತ್ತಿರ ಪ್ರಾಕ್ಸಿಮಿಟಿ ಸೆನ್ಸರ್ ಎಂಬುದೊಂದು ಇರುತ್ತದೆ. ಫೋನನ್ನು ಕಿವಿಗೆ ಹಿಡಿದರೆ ‘ಮುಖ ಹತ್ತಿರ ಬಂತು’ ಎಂದು ತಿಳಿದು ಸ್ಕ್ರೀನ್ ಆರಿಸುವುದು, ದೂರ ಸರಿಸಿದರೆ ಮತ್ತೆ ಬೆಳಗಿಸುವುದು, ಇಷ್ಟೇ ಅದರ ನೌಕರಿ. ಇದು ನನಗೆ ಗೊತ್ತಾದದ್ದು ಅದು ಕೆಟ್ಟ ಮೇಲೆ. (ನಮ್ಮ ಮೈಯೊಳಗೆ ಏನೇನಿದೆ ಎಂದು ಗೊತ್ತಾಗುವುದೂ ಹೀಗೇ ಅಲ್ಲವೇ?)

ಕೆಡಿಸಿದವನು ನಾನೇ. ಹೊಸ ಫೋನ್ ಮನೆಗೆ ಬಂದ ದಿನ ಹೆಂಡತಿ ಅದನ್ನು ಕೈಗೆ ಕೊಡಲೇ ಇಲ್ಲ. “ಹೊಸಾ ಸಾಮಾನು ಪೂಜಿ ಮಾಡ್ದೆ ಹ್ಯಾಂಗ ವಾಪರಸ್ತೀರಿ?” ಎಂದು ಜಗಲಿಯ ಮೇಲಿಟ್ಟು, ಅದರ ಹಣೆಗೆ ಮೂರು ಬೆರಳು ಇಭೂತಿ ಎಳೆದಳು. ನಾನು ಅಂಗಿಯ ತುದಿಯಿಂದ ಒಂದಿಷ್ಟು ಒರೆಸಿ, ಬಸ್ ಸ್ಟ್ಯಾಂಡ್ ಹತ್ತಿರ ಕೊಂಡ ಸ್ಕ್ರೀನ್ ಗಾರ್ಡ್ ಗಾಜನ್ನು ನಾನೇ ಅಂಟಿಸಿದೆ. ಅಂಗಡಿಯವನು ಹಚ್ಚಿಕೊಡುತ್ತೇನೆ ಎಂದಿದ್ದ. ನನಗೆ ಬರದ ವಿದ್ಯೆಯೇ ಅದು? ಗಾಜಿನ ಕೆಳಗೆ, ಸರಿಯಾಗಿ ಸೆನ್ಸರಿನ ಮೇಲೆ, ಒಂದು ಬಿಳಿ ಎಳೆ ಉಳಿಯಿತು. ದೇವರ ಬೂದಿ, ಇರಲಿ ಬಿಡು ಅಂದುಕೊಂಡೆ.

ಅಂದಿನಿಂದ ಆ ಸೆನ್ಸರಿಗೆ ಸದಾ ಯಾರೋ ಹತ್ತಿರ ಬಂದಂತೆಯೇ ಭ್ರಮೆ. ಕರೆ ಶುರುವಾದರೆ ಸ್ಕ್ರೀನ್ ಕಪ್ಪು. ಕಿವಿಯಿಂದ ತೆಗೆದರೂ ಕಪ್ಪು. ಒತ್ತಿ, ತಿಕ್ಕಿ, ಬಡಿದು ನೋಡಿದರೂ ಕಪ್ಪು. ಬ್ಯಾಂಕಿನ ಹುಡುಗಿಯ ರೆಕಾರ್ಡು ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅನ್ನುತ್ತದೆ. ಎಲ್ಲಿ ಒತ್ತಲಿ ತಾಯಿ? ಎಲ್ಲಕ್ಕಿಂತ ಮುಖ್ಯವಾಗಿ, ಮಾತು ಮುಗಿದ ಮೇಲೆ ಫೋನ್ ಕಟ್ ಮಾಡಲು ನನ್ನಿಂದ ಆಗುವುದೇ ಇಲ್ಲ. ಆ ಕಡೆಯವರೇ ಮಾಡಬೇಕು. ವಿಮೆ ಮಾರುವವರು ತಾವೇ ಬೇಸತ್ತು ಫೋನ್ ಇಟ್ಟ ಗಿರಾಕಿ ಬೀದರಿನಲ್ಲಿ ನಾನೊಬ್ಬನೇ ಇರಬೇಕು. ಕಮಠಾಣದ ಗೆಳೆಯನೊಬ್ಬ, ನಾನು ಹೆಂಡತಿಯಿಂದ ಬೈಸಿಕೊಳ್ಳುವುದನ್ನು ಪೂರ್ತಿ ಕೇಳಿಸಿಕೊಂಡು, ಮರುದಿನ ಸಿಕ್ಕಾಗ “ವೈನಿ ಹೇಳಿದ್ರಾಗ ಏನ್ ತಪ್ಪದಲೇ?” ಎಂದು ತೀರ್ಪು ಕೊಟ್ಟ.

ಇನ್ನು ನಮ್ಮ ಕಡೆ ಫೋನ್ ಇಡುವುದು ಸುಲಭದ ಕೆಲಸವೇ? “ಇಡ್ಲೇನ್ರಿ?” “ಇಡ್ರಿ.” “ಮತ್ತೇನ್ರಿ?” “ಮತ್ತೇನಿಲ್ರಿ, ನೀವೇ ಹೇಳ್ಬೇಕು.” “ಆತ್ರಿ, ಇಡ್ತೇನಿ.” “ಹ್ಞೂಂ, ಇಡ್ರಿ.” ಇಷ್ಟಾದ ಮೇಲೂ ಮರ್ಯಾದಸ್ಥ ತಾನಾಗಿ ಕಟ್ ಮಾಡುವುದಿಲ್ಲ. ಆಚೆಯವರು ಇಡಲಿ ಎಂದು ಕಾಯುತ್ತಾನೆ. ಬೀಗರಾಗುವವರ ಮಧ್ಯೆಯಂತೂ ಕೇಳಲೇಬೇಡಿ.

ಬೀಗರಾಗುವವರು ಎಂದೆನಲ್ಲ, ಅಲ್ಲಿಗೇ ಬಂದೆ.

ಭಾಲ್ಕಿಯಲ್ಲಿರುವ ನನ್ನ ಅಕ್ಕನ ಮಗಳು ಅಂಬಿಕಾ. ಅಲ್ಲಿಯೇ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಔರಾದಿನಿಂದ ಸಂಬಂಧ ಬಂದಿತ್ತು. ಹುಡುಗನದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಕನ್ಯೆ ನೋಡುವುದು ಮುಗಿದಿತ್ತು. ಹುಡುಗ ಅಂಬಿಕಾಳ ಮನಸ್ಸಿಗೆ ಬಂದಿದ್ದ. (ಅವಳು ಹೇಳಲಿಲ್ಲ, ಅವನ ಹೆಸರು ಬಂದಾಗಲೆಲ್ಲ ನೀರು ಕುಡಿಯಲು ಎದ್ದು ಹೋಗುತ್ತಿದ್ದಳು.) ಭಾನುವಾರ ಹುಡುಗನ ತಂದೆ ಫೋನ್ ಮಾಡಿ ಕೊನೆಯ ಮಾತು ಆಡುವುದು ಎಂದಾಗಿತ್ತು. ನಮ್ಮ ಕಡೆಯಿಂದ ಮಾತಾಡಲು ಯಾರು? ಸೋದರಮಾವ, ಪತ್ರಿಕೆಗೆ ಬರೆಯುವವನು, ಮಾತು ಬಲ್ಲವನು. ನಾನೇ! ಅಕ್ಕ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದುಬಿಟ್ಟಳು.

ಅಂಬಿಕಾ ಕೇಳಿದ್ದು ಒಂದೇ. “ಮಾಮಾ, ಲಗ್ನ ಆದ್ಮ್ಯಾಲೂ ನಾ ಕೆಲಸಕ್ಕ ಹೋಗ್ತೇನಿ. ಇದೊಂದು ಮಾತು ಈಗೇ ಹೇಳಿಬಿಡ್ರಿ. ಆಮ್ಯಾಲ ಕಿರಿಕಿರಿ ಬ್ಯಾಡ.”

“ನೀ ಫಿಕರ್ ಮಾಡಬ್ಯಾಡ” ಎಂದೆ.

ಫೋನ್ ಬಂತು. ನಾನು ಗತ್ತಿನಿಂದ ಮಾಳಿಗೆ ಹತ್ತಿದೆ. ಔರಾದಿನ ಯಜಮಾನರದು ಅಂಗಡಿಯಲ್ಲಿ ಕೂಗಿ ಕೂಗಿ ಬಲಿತ ದನಿ. ನನ್ನ ಕಿವಿ ಮಂದ, ವಾಲ್ಯೂಮ್ ಯಾವಾಗಲೂ ಫುಲ್. ಇನ್ನೂ ಬೀಗರಾಗಿರಲಿಲ್ಲ, ನಾನು ಮಾತ್ರ ಮೊದಲ ಮಾತಿಗೇ ‘ಬೀಗರೇ’ ಎಂದು ಶುರು ಹಚ್ಚಿಕೊಂಡೆ. ಅವರು ಕೇಳಿದರು: “ಹುಡುಗಿದು ನೌಕರಿ ಅದಲ್ರಿ, ಲಗ್ನ ಆದ್ಮ್ಯಾಲ ಏನ್ ವಿಚಾರ?”

ನೌಕರಿ ಬಿಡಬೇಕು ಅನ್ನುವುದಕ್ಕೇ ಪೀಠಿಕೆ ಇದು ಎಂದುಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಅಯ್ಯೋ ಬೀಗರ, ಅದೇನ್ ದೊಡ್ಡ ಮಾತ್ರಿ? ಹುಡುಗಿ ಇನ್ನ ನಿಮ್ಮದು. ಬಿಡು ಅಂದ್ರ ಬಿಡ್ತಾಳ.”

ಆ ಕಡೆ “ಹ್ಞಾಂ...” ಎಂದರು. ಇಡ್ಲೇನ್ರಿ, ಇಡ್ರಿ ಎಲ್ಲ ಆಯಿತು. ನಾನು ಕಪ್ಪು ಸ್ಕ್ರೀನನ್ನು ಹೆಬ್ಬೆರಳಿನಿಂದ ಒತ್ತಿ, ಫೋನ್ ಜೇಬಿಗಿಳಿಸಿ ಕೆಳಗೆ ಬಂದೆ. ನನ್ನ ಮಾತಿನ ಚಂದಕ್ಕೆ ನಾನೇ ಮರುಳಾಗಿದ್ದೆ, ಸೆನ್ಸರಿನ ನೆನಪು ಎಲ್ಲಿರಬೇಕು?

“ಏನಂದ್ರಿ ಮಾಮಾ?” ಅಂಬಿಕಾ ಎದ್ದು ನಿಂತಿದ್ದಳು.

“ಖಡಕ್ ಹೇಳ್ದೆ! ನಮ್ಮ ಹುಡುಗಿ ನೌಕರಿ ಬಿಡಾಂಗಿಲ್ಲ, ಒಪ್ಪಿಗಿ ಇದ್ರ ಮುಂದಿನ ಮಾತು ಅಂದೆ. ಮುದುಕ ಗಪ್ಪಾಗಿಬಿಟ್ಟ. ಒಪ್ಪಿಕೊಂಡ.”

ಆಗ ಜೇಬು ಕೇಳಿತು: “ಸಾಹೇಬ್ರ, ಇದು ನನಗ ಯಾವಾಗ ಹೇಳಿದ್ರಿ?”

ಫೋನ್ ಹೊರಗೆಳೆದೆ. ಒತ್ತಿದೆ. ತಿಕ್ಕಿದೆ. ಕಪ್ಪು. “ಇಡ್ತೇನಿ ಅಂದ್ರಿ, ಇಡ್ತೀರಂತ ಕಾಯ್ಲಕತ್ತಿದ್ದೆ” ಎಂದಿತು ದನಿ. ಅಕ್ಕ ಸೆರಗು ಬಾಯಿಗೆ ಹಚ್ಚಿಕೊಂಡಳು. ಅಂಬಿಕಾ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಈ ಹುಡುಗಿಯ ಲಗ್ನ ನನ್ನ ನಾಲಿಗೆಯಿಂದ ಮುರಿಯಿತಲ್ಲ ಎಂದುಕೊಂಡೆ.

ಅವಳೇ ಫೋನ್ ಕಸಿದುಕೊಂಡಳು. “ಕಾಕಾ, ನಾ ಅಂಬಿಕಾ ರೀ. ಮಾಮಾ ಮ್ಯಾಲ ಹೇಳಿದ್ದೂ ಬಿಡ್ರಿ, ಕೆಳಗ ಹೇಳಿದ್ದೂ ಬಿಡ್ರಿ. ನಾ ಕೆಲಸ ಬಿಡಾಂಗಿಲ್ರಿ. ನಿಮಗ ನಡೀತದಂದ್ರ ನನಗೂ ನಿಮ್ಮ ಮನಿ ಮನಸ್ಸಿಗಿ ಬಂದದ. ನಡ್ಯಾಂಗಿಲ್ಲಂದ್ರ ಇವತ್ತೇ ಹೇಳಿಬಿಡ್ರಿ.” ಒಂದು ಶಬ್ದವನ್ನೂ ನುಂಗಲಿಲ್ಲ.

ಯಜಮಾನರ ದನಿ ಹಾಲ್ ತುಂಬ ಕೇಳಿಸಿತು: “ಅವ್ವ, ನಾ ಕೇಳಬೇಕಂದಿದ್ದು ಇದೇ ಮಾತು. ದುಡಿಯೋ ಹುಡುಗಿ ಅಂತೇ ನನ್ನ ಮಗ ನಿನ್ನ ಮೆಚ್ಯಾನ. ಔರಾದನಾಗ ಲ್ಯಾಬ್ ಇಲ್ಲೇನು? ನಿಮ್ಮ ಮಾಮಾ ‘ಬಿಡು ಅಂದ್ರ ಬಿಡ್ತಾಳ’ ಅಂದಾಗ ನಂದೇ ಎದಿ ಧಸಕ್ಕಂತು. ಈ ಸಂಬಂಧ ನಮಗ ಆಗಾಂಗಿಲ್ಲ ಬಿಡು ಅಂತ ಕುಂತಿದ್ದೆ.”

ನೋಡಿದಿರಾ? ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಈ ಮಾತು ಬಲ್ಲವ, ಎರಡೂ ಕಡೆಯವರು ಒಪ್ಪಿಕೊಂಡಿದ್ದ ಲಗ್ನವನ್ನು ಮುರಿದೇಬಿಟ್ಟಿದ್ದ. ಫೋನ್ ಸರಿಯಿದ್ದು ಕಟ್ ಆಗಿದ್ದರೆ ಅಂಬಿಕಾ ಭಾಲ್ಕಿಯಲ್ಲಿ, ಹುಡುಗ ಔರಾದಿನಲ್ಲಿ, ಯಾಕೆ ಮುರಿಯಿತೆಂದು ಇಬ್ಬರಿಗೂ ಗೊತ್ತಿಲ್ಲ. ಕಿವಿಗೆ ಹಿಡಿದಾಗ ಒಂದು ಮಾತು, ಜೇಬಿಗಿಟ್ಟ ಮೇಲೆ ಇನ್ನೊಂದು. ನಾನೊಬ್ಬನೇ ಹೀಗೆ ಅಂತೀರಾ? ನಿಮ್ಮ ಫೋನ್ ಸರಿಯಿದೆ, ಅಷ್ಟೇ.

ಅಂಬಿಕಾ ಅವತ್ತೇ ಉಗುರಿನಿಂದ ಗಾಜು ಕಿತ್ತು, ಬೂದಿ ಒರೆಸಿ ಕೊಟ್ಟಳು. ಸ್ಕ್ರೀನ್ ಕಣ್ಣು ಬಿಟ್ಟಿತು. “ನೋಡ್ರಿ, ನಾ ಹಚ್ಚಿದ ಇಭೂತಿನೇ ಲಗ್ನ ಕೂಡಸ್ತು” ಎಂದಳು ಹೆಂಡತಿ.

ಮೊನ್ನೆ ಔರಾದಿನಿಂದ ಮತ್ತೆ ಫೋನ್. ಈಗ ಅವರೇ ನನಗೆ ‘ಬೀಗರೇ’ ಅನ್ನುತ್ತಾರೆ. ಸೀರೆ, ಮುಹೂರ್ತ, ಎಲ್ಲ ಮಾತಾಡಿದ ಮೇಲೆ ಕೇಳಿದರು: “ಬೀಗರ, ಫೋನ್ ರಿಪೇರಿ ಆತೇನ್ರಿ?”

“ಆತ್ರಿ. ಈಗ ಒತ್ತಿದ ಕೂಡ್ಲೇ ಕಟ್ ಆಗ್ತದ” ಎಂದೆ, ಹೆಮ್ಮೆಯಿಂದ.

“ಅಯ್ಯ, ಹಂಗಾದ್ರ ಇನ್ನ ನಿಮ್ಮ ಮಾತು ಹ್ಯಾಂಗ ನಂಬೋದ್ರಿ?”